ಸಂಕಲ್ಪವೂ ಅದರ ನಿರ್ವಹಣೆಯೂ

(ದೇವಾಲಯದ ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ನಡೆದ ಮೂರು ದಿನಗಳ ಪ್ರಾರ್ಥನಾಕೂಟದ ಎರಡನೆಯ ಸಂಜೆ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಶತಮಾನೋತ್ಸವ ಸಮಿತಿಯವರು ಈ ಸಂಜೆಗಾಗಿ ನಮಗೆ ಒಪ್ಪಿಸಿರುವ ವಿಷಯ ದೈವಕರೆ. ಈ ವಿಷಯವನ್ನು ಕುರಿತು ನೀವು ಇದೇ ದೇವಾಲಯದಲ್ಲಿ ಅನೇಕ ಪ್ರಸಂಗಗಳನ್ನು ಕೇಳಿದ್ದೀರಿ. ಕರೆ ಹೇಗೆ ಬರುತ್ತದೆ, ಅದನ್ನು ಹೇಗೆ ಗುರುತಿಸಬೇಕು, ಅದಕ್ಕೆ ಹೇಗೆ ಓಗೊಡಬೇಕು ಎಂಬುದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರು ನಿಮಗೆ ವಿವರಿಸಿದ್ದಾರೆ. ಆದಕಾರಣ ನಾವು ಅದರ ಮುಂದಿನ ಭಾಗವನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಮನುಷ್ಯನೊಬ್ಬನು ತನ್ನ ಬಾಳಿನ ದೊಡ್ಡ ನಿರ್ಧಾರವೊಂದನ್ನು ಕೈಗೊಂಡನೆಂದು ಇಟ್ಟುಕೊಳ್ಳೋಣ. ಮರುದಿನ ಬೆಳಗಾಗುತ್ತದೆ. ಅಲ್ಲಿಂದ ಮುಂದೆ ಅವನು ಮಾಡಬೇಕಾದುದೇನು?

ಈ ಪ್ರಶ್ನೆ ಗುರುಮಠಕ್ಕೆ ಹೊರಟು ನಿಂತ ಹುಡುಗನಿಗೋ ಕನ್ಯಾಮಠ ಸೇರಲಿರುವ ಹುಡುಗಿಗೋ ಮಾತ್ರ ಸೇರಿದುದಲ್ಲ. ಧ್ಯಾನಕೂಟದ ಕೊನೆಯ ರಾತ್ರಿ ಪೀಠದ ಮುಂದೆ ಮೊಣಕಾಲೂರಿ, ಇನ್ನು ಮದ್ಯವನ್ನು ಮುಟ್ಟುವುದಿಲ್ಲವೆಂದು ಮಾತುಕೊಟ್ಟ ಗೃಹಸ್ಥನಿಗೂ ಇದು ಸೇರಿದ್ದು. ತಂದೆಯ ಆಸ್ತಿಯ ದೆಸೆಯಿಂದ ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಈ ಹಬ್ಬಕ್ಕೆ ಹೋಗಿಯೇ ತೀರುತ್ತೇನೆಂದು ಮನಸ್ಸು ಮಾಡಿದ ತಮ್ಮನಿಗೂ, ಹಾಸಿಗೆ ಹಿಡಿದ ತಾಯಿಯ ಆರೈಕೆಗಾಗಿ ಕುವೈತಿನ ಕೆಲಸ ಬಿಟ್ಟು ಊರಿಗೆ ಮರಳಿದ ಮಗನಿಗೂ ಸೇರಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ಇದೇ ಪೀಠದ ಮುಂದೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಮಾತುಕೊಟ್ಟ ಇಲ್ಲಿನ ನೂರಾರು ದಂಪತಿಗಳಿಗೆ ಸೇರಿದ್ದು. ಇವರೆಲ್ಲರೂ ನಿರ್ಧಾರದ ದಿನ ಧೈರ್ಯವಂತರೇ. ಆ ದಿನ ಗಾಯನವಿರುತ್ತದೆ, ಹೂವಿರುತ್ತದೆ, ಸುತ್ತ ನೆಂಟರಿರುತ್ತಾರೆ. ನಮ್ಮ ಮಾತು ಗಾಯನವೂ ಇಲ್ಲದ ನೆಂಟರೂ ಇಲ್ಲದ ದಿನಗಳನ್ನು ಕುರಿತದ್ದು.

ಇದಕ್ಕೆ ನಿದರ್ಶನವಾಗಿ ನಾವು ಸಂತ ಜೋಸೆಫ್ ವಾಜರ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರ ಹೆಸರು ನಿಮಗೆ ಹೊಸದಲ್ಲ. ಮಂಗಳೂರಿನ ಬಳಿಯ ಮುಡಿಪು ಬೆಟ್ಟಕ್ಕೆ ನಿಮ್ಮಲ್ಲಿ ಹಲವರು ಯಾತ್ರೆ ಹೋಗಿ ಬಂದಿದ್ದೀರಿ. ಅಲ್ಲಿನ ಮೂರು ಚಿಲುಮೆಗಳ ಐತಿಹ್ಯವನ್ನು ಮಕ್ಕಳಿಗೂ ಹೇಳಿಕೊಟ್ಟಿದ್ದೀರಿ. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದು ಸಾರಿದುದನ್ನೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದ ಕಡಲತೀರದ ಬಯಲಿನಲ್ಲಿ ಅವರಿಗೆ ಸಂತ ಪದವಿಯನ್ನು ನೀಡಿದುದನ್ನೂ ಬಲ್ಲಿರಿ. ಆದರೆ ಪವಾಡಗಳ ಕಡೆಗೆ ನೋಡುವ ಭರದಲ್ಲಿ ನಾವು ಅವರ ಜೀವನದ ಪಂಚಾಂಗವನ್ನು ಗಮನಿಸುವುದಿಲ್ಲ. ಯಾವ ವರ್ಷ ಅವರು ಏನು ಬಯಸಿದರು, ಅದು ಯಾವ ವರ್ಷ ಕೈಗೂಡಿತು, ನಡುವೆ ಏನಾಯಿತು ಎಂಬುದನ್ನು ಲೆಕ್ಕ ಹಾಕಿದರೆ ನಮ್ಮ ಪ್ರಶ್ನೆಗೆ ಬೇಕಾದ ಉತ್ತರ ಬಹುಮಟ್ಟಿಗೆ ಅಲ್ಲಿಯೇ ದೊರಕುತ್ತದೆ.

ಅವರು 1651ರಲ್ಲಿ ಗೋವೆಯ ಬೆನೋಲಿಂ ಗ್ರಾಮದಲ್ಲಿ ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ತಾವು ದೇವಮಾತೆಯ ದಾಸರೆಂದು ಒಂದು ಪತ್ರ ಬರೆದು ರುಜು ಮಾಡಿದರು. ನಿರ್ಧಾರವನ್ನು ಕಾಗದದ ಮೇಲೆ ಬರೆದಿಡುವ ಈ ಅಭ್ಯಾಸವನ್ನು ನಾವು ಬಹಳ ಮೆಚ್ಚುತ್ತೇವೆ. ಸಾಲ ಕೊಡುವಾಗಲೂ ಗದ್ದೆ ಕೊಳ್ಳುವಾಗಲೂ ಪತ್ರ ಬರೆಸುವ ನಾವು ಬಾಳಿನ ಅತಿ ದೊಡ್ಡ ಮಾತನ್ನು ಬಾಯಿಮಾತಿನಲ್ಲಿಯೇ ಬಿಟ್ಟುಬಿಡುತ್ತೇವೆ. ಬರೆದುದನ್ನು ಮನಸ್ಸು ಮುಂದೆ ತನಗೆ ಬೇಕಾದಂತೆ ತಿದ್ದಿಕೊಳ್ಳಲಾರದು. ವರ್ಷಗಳ ತರುವಾಯ, ನಾನು ಹಾಗೆ ಹೇಳಿರಲೇ ಇಲ್ಲ ಎನ್ನುವುದಕ್ಕೆ ಕಾಗದ ಅವಕಾಶ ಕೊಡುವುದಿಲ್ಲ.

ಆ ಕಾಲದ ಸಿಂಹಳದ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬೇಕು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡರು. ಅವರು ಕ್ಯಾಲ್ವಿನನ ಮತದವರು. ಕಥೋಲಿಕ ಗುರುಗಳನ್ನು ದ್ವೀಪದಿಂದ ಹೊರಗಟ್ಟಿದರು, ದೇವಾಲಯಗಳನ್ನು ವಶಪಡಿಸಿಕೊಂಡರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರಿಗೆ ಅಂತಿಮ ಅಭ್ಯಂಗವಿಲ್ಲದೆ ಆ ಜನ ಸುಮಾರು ಮೂವತ್ತು ವರ್ಷಗಳನ್ನು ಕಳೆದರು. ಒಂದು ತಲೆಮಾರು ಗುರುವಿನ ಮುಖ ನೋಡದೆಯೇ ಬೆಳೆಯಿತು. ಈ ಸುದ್ದಿ ಗೋವೆಗೆ ತಲುಪಿದಾಗ ಫಾದರ್ ವಾಜರು ಅಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿ, ಮಹಾಧರ್ಮಾಧ್ಯಕ್ಷ ಪೀಠವು ತೆರವಾಗಿದ್ದುದರಿಂದ ಆಡಳಿತ ನಡೆಸುತ್ತಿದ್ದ ಗುರುಮಂಡಲಿಯ ಮುಂದೆ ತಮ್ಮ ಬೇಡಿಕೆಯನ್ನಿಟ್ಟರು.

ಗುರುಮಂಡಲಿ ಅವರನ್ನು ಸಿಂಹಳಕ್ಕೆ ಕಳುಹಿಸಲಿಲ್ಲ. 1681ರಲ್ಲಿ ಅವರನ್ನು ಕೆನರಾಕ್ಕೆ, ನಮ್ಮ ಕರಾವಳಿಗೆ, ಕಳುಹಿಸಿತು.

ಸಹೋದರ ಸಹೋದರಿಯರೇ, ನಾವು ಈ ಸಂಜೆ ಹೇಳಬೇಕೆಂದಿರುವ ಮುಖ್ಯ ಸಂಗತಿ ಇಲ್ಲಿದೆ. ಕರಾವಳಿಯಲ್ಲಿ ಸಂತರು ನಡೆದಾಡಿದರೆಂದು ಅಲ್ಲಿನವರು ಹೆಮ್ಮೆಪಡುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಆ ಸಂತರ ದೃಷ್ಟಿಯಿಂದ ನೋಡಿದರೆ ನಮ್ಮ ನಾಡು ಅವರ ಸಂಕಲ್ಪಕ್ಕೆ ಬಂದ ತಡೆಯಾಗಿತ್ತು. ಹೋಗಬೇಕೆಂದದ್ದು ಒಂದು ಕಡೆ, ಕಳುಹಿಸಿದ್ದು ಇನ್ನೊಂದು ಕಡೆ. ಇಂತಹ ಸಂದರ್ಭದಲ್ಲಿ ಮನುಷ್ಯರು ಸಾಮಾನ್ಯವಾಗಿ ಏನು ಮಾಡುತ್ತಾರೆಂಬುದನ್ನು ನಾವೆಲ್ಲ ಬಲ್ಲೆವು. ಕೆಲವರು ಮುನಿಸಿಕೊಂಡು ನಿರ್ಧಾರವನ್ನೇ ಕೈಬಿಡುತ್ತಾರೆ, ದೇವರ ಚಿತ್ತ ಇದಾಗಿರಲಿಲ್ಲವೆಂದು ಅದಕ್ಕೆ ಭಕ್ತಿಯ ಹೊದಿಕೆಯನ್ನೂ ಹೊದಿಸುತ್ತಾರೆ. ಮತ್ತೆ ಕೆಲವರು ನಿರ್ಧಾರವನ್ನೇನೋ ಇಟ್ಟುಕೊಳ್ಳುತ್ತಾರೆ, ಆದರೆ ಒಪ್ಪಿಸಿದ ಕೆಲಸವನ್ನು ಬಸ್ ನಿಲ್ದಾಣದಲ್ಲಿ ಕುಳಿತವರ ಹಾಗೆ, ಕಣ್ಣನ್ನು ದಾರಿಯ ಮೇಲೆಯೇ ಇಟ್ಟು, ಅರೆಮನಸ್ಸಿನಿಂದ ನಡೆಸುತ್ತಾರೆ.

ಫಾದರ್ ವಾಜರು ಕೆನರಾದಲ್ಲಿ ಮೂರು ವರ್ಷ ಹೇಗಿದ್ದರು? ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. (ಪ್ರಸಂಗವಶಾತ್ ಒಂದು ಮಾತು: 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯಕೊಟ್ಟು, ಔರಂಗಜೇಬನ ಸೈನ್ಯ ಬಂದರೂ ಕೊಟ್ಟ ಮಾತಿಗೆ ತಪ್ಪದೆ ನಿಂತವಳು ಈಕೆಯೇ. ಕೈಗೊಂಡ ನಿರ್ಧಾರವನ್ನು ನಡೆಸುವುದು ಹೇಗೆಂದು ಕಲಿಯಲು ನಾವು ಕ್ರೈಸ್ತರ ಚರಿತ್ರೆಯನ್ನು ಮಾತ್ರ ಓದಬೇಕೆಂದೇನಿಲ್ಲ.) ಕ್ರೈಸ್ತರು ಅಲ್ಲೊಂದು ಮನೆ ಇಲ್ಲೊಂದು ಮನೆಯಾಗಿ ಚದರಿಹೋಗಿದ್ದರು. ಗುರುಗಳು ವಿರಳ. ಫಾದರ್ ವಾಜರು ಬರಿಗಾಲಿನಲ್ಲಿ ಊರೂರು ನಡೆದರು. ಮಂಗಳೂರು, ಬಸರೂರು, ಗಂಗೊಳ್ಳಿ, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿ ದೇವಾಲಯಗಳನ್ನು ಕಟ್ಟುವ, ಹಳೆಯವನ್ನು ದುರಸ್ತಿ ಮಾಡಿಸುವ ಕೆಲಸ ನಡೆಸಿದರು. ಮಕ್ಕಳಿಗೆ ಪಾಠಶಾಲೆಗಳನ್ನು ತೆರೆದರು. ಭಕ್ತರ ಸಂಘಗಳನ್ನು ಸ್ಥಾಪಿಸಿದರು. ತಾವು ಹೊರಟುಹೋದ ಮೇಲೆಯೂ ಉಳಿಯಬೇಕಾದ ಕೆಲಸಗಳನ್ನೇ ಅವರು ಆರಿಸಿಕೊಂಡರೆಂಬುದನ್ನು ಗಮನಿಸಿರಿ. ಇಂದೋ ನಾಳೆಯೋ ಹೊರಡಬೇಕೆಂದಿರುವವನು ಶಾಲೆ ತೆರೆಯುವುದಿಲ್ಲ.

ಇದರೊಂದಿಗೆ ಅವರು ತಮ್ಮದಲ್ಲದ ಒಂದು ಜಗಳದ ನಡುವೆಯೂ ಬಾಳಬೇಕಾಗಿ ಬಂತು. ಪೋರ್ಚುಗಲ್ಲಿನ ಅರಸನ ಹಕ್ಕಿನ ಮೇರೆಗೆ ಗೋವೆಯಿಂದ ನಡೆಯುತ್ತಿದ್ದ ಪಾದ್ರುವಾದೊ ಆಡಳಿತ ಒಂದು ಕಡೆ. ರೋಮಿನ ಪ್ರೊಪಗಾಂಡ ಸಭೆಯಿಂದ ನೇಮಕಗೊಂಡು ಬಂದಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಇನ್ನೊಂದು ಕಡೆ. ಯಾರ ಮಾತನ್ನು ಕೇಳಬೇಕು, ಯಾರ ಅಪ್ಪಣೆಯಿಂದ ನಡೆದ ಸಂಸ್ಕಾರ ಸಿಂಧುವೆಂದು ಬಡ ಭಕ್ತರಿಗೆ ತಿಳಿಯದು. ಫಾದರ್ ವಾಜರು ಗೋವೆಯ ಕಡೆಯಿಂದ ಬಂದವರು. ಆದರೂ ಆ ಧರ್ಮಾಧ್ಯಕ್ಷರನ್ನು ಗೌರವದಿಂದಲೇ ಕಂಡು, ಶಾಂತಿಗಾಗಿ ಶ್ರಮಿಸಿದರು. ಈ ವ್ಯಾಜ್ಯದ ವಿವರಗಳನ್ನು ಇಲ್ಲಿ ಬಿಚ್ಚಿದರೆ ಹಿಂದಿನ ಸಾಲಿನವರು ನಿದ್ರೆಹೋದಾರು, ಬಿಡೋಣ. ಸಿಂಹಳದ ಕನಸು ಹೊತ್ತ ಮನುಷ್ಯನಿಗೆ ಇಂತಹ ಕಚೇರಿ ಕಲಹಕ್ಕಿಂತ ಬೇಸರದ ಕೆಲಸ ಇನ್ನೊಂದಿರಲಾರದು ಎಂಬುದಷ್ಟೇ ನಮ್ಮ ಅಭಿಪ್ರಾಯ. ಆದರೆ ಮುಂದೆ ಅವರು ಡಚ್ಚರ ಅಧಿಕಾರಿಗಳ ನಡುವೆ, ಕ್ಯಾಂಡಿಯ ಆಸ್ಥಾನದವರ ನಡುವೆ, ಬೌದ್ಧ ಭಿಕ್ಷುಗಳ ನಡುವೆ ಬಹಳ ಎಚ್ಚರದಿಂದ ಹೆಜ್ಜೆಯಿಡಬೇಕಾಗಿತ್ತು. ಬರಿಗಾಲಿನಲ್ಲಿ ನಡೆಯುವುದನ್ನೂ, ಗುರುವಿಲ್ಲದ ಜನರನ್ನು ಮನೆಮನೆಯಾಗಿ ಹುಡುಕುವುದನ್ನೂ, ವಿರೋಧಿಯನ್ನು ಕೆಣಕದೆ ಮಾತನಾಡುವುದನ್ನೂ ಅವರು ರೂಢಿಸಿಕೊಂಡದ್ದು ನಮ್ಮ ಕರಾವಳಿಯಲ್ಲಿಯೇ. ತಡೆಯೆಂದು ಕಂಡ ಮೂರು ವರ್ಷಗಳನ್ನು ಕಳೆದುಬಿಟ್ಟಿದ್ದರೆ ಮುಂದಿನ ಇಪ್ಪತ್ತಮೂರು ವರ್ಷಗಳು ಅವರಿಂದ ಸಾಧ್ಯವಾಗುತ್ತಿದ್ದುವೆಂದು ನಮಗೆ ತೋರುವುದಿಲ್ಲ.

1684ರಲ್ಲಿ ಅವರು ಗೋವೆಗೆ ಮರಳಿದರು. ಅಲ್ಲಿಂದಲಾದರೂ ನೇರವಾಗಿ ಸಿಂಹಳಕ್ಕೆ ಹೊರಟರೇ? ಅದೂ ಇಲ್ಲ. ಹಳೆಯ ಗೋವೆಯ ಪವಾಡದ ಶಿಲುಬೆಯ ದೇವಾಲಯದಲ್ಲಿ ಒಟ್ಟಿಗೆ ಬಾಳುತ್ತಿದ್ದ ಕೆಲವು ಗುರುಗಳನ್ನು 1685ರ ಸೆಪ್ಟೆಂಬರಿನಲ್ಲಿ ಸೇರಿಕೊಂಡರು. ಆ ಗುರುಗಳು ಇವರನ್ನೇ ಹಿರಿಯರನ್ನಾಗಿ ಆರಿಸಿದರು. ಆ ಚಿಕ್ಕ ಗುಂಪು ಸಂತ ಫಿಲಿಪ್ ನೇರಿಯವರ ಓರೇಟರಿ ಸಭೆಯ ನಿಯಮಗಳನ್ನು ಅಳವಡಿಸಿಕೊಂಡಿತು. ಹೊರನೋಟಕ್ಕೆ ಇದು ಇನ್ನೊಂದು ವಿಳಂಬ. ಆದರೆ ಸಿಂಹಳಕ್ಕೆ ಒಬ್ಬನೇ ಗುರು ಹೋದರೆ ಅವನು ಸತ್ತ ದಿನವೇ ಆ ಕೆಲಸವೂ ಸಾಯುತ್ತದೆ. ಹಿಂದಿನಿಂದ ಆಳುಗಳನ್ನು ಕಳುಹಿಸುವ ಒಂದು ಮನೆ ಬೇಕು. ಮುಂದೆ ಸಿಂಹಳಕ್ಕೆ ಹೋದ ಗುರುಗಳೆಲ್ಲ ಈ ಮನೆಯಿಂದಲೇ ಹೋದರು. ಹತ್ತೊಂಬತ್ತನೆಯ ಶತಮಾನದವರೆಗೂ ಹೋಗುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು ನಮ್ಮ ಮನೆಗಳ ಕಡೆಗೆ ನೋಡೋಣ. ಮದ್ಯ ಬಿಡುತ್ತೇನೆಂದ ಆ ಗೃಹಸ್ಥನನ್ನೇ ತೆಗೆದುಕೊಳ್ಳಿರಿ. ಪೀಠದ ಮುಂದೆ ಅವನು ಅತ್ತದ್ದು ನಿಜ. ಆ ಕಣ್ಣೀರನ್ನು ಹಗುರವಾಗಿ ಕಾಣಬಾರದು. ಆದರೆ ಶನಿವಾರ ಸಂಬಳವಾಗುತ್ತದೆ, ಹಳೆಯ ಗೆಳೆಯರು ಅದೇ ತಿರುವಿನಲ್ಲಿ ನಿಂತಿರುತ್ತಾರೆ. ಅವನು ಒಬ್ಬನೇ ಆ ತಿರುವನ್ನು ದಾಟಬೇಕೆಂದರೆ ಎಷ್ಟು ಶನಿವಾರ ದಾಟಿಯಾನು? ದಾರಿ ಬದಲಿಸಬೇಕು. ಸಂಬಳವನ್ನು ಹೆಂಡತಿ ಬಂದು ತೆಗೆದುಕೊಂಡು ಹೋಗಬಹುದು. ಸಂಜೆಯ ಆ ಎರಡು ಗಂಟೆಗೆ ಬೇರೊಂದು ಕೆಲಸವಿರಬೇಕು. ಹಿಂದೆ ಇದೇ ದಾರಿಯಲ್ಲಿ ಬಂದು ಗೆದ್ದವನೊಬ್ಬನು ಜೊತೆಗಿರಬೇಕು. ಹಲವು ವರ್ಷ ವಿಪರೀತವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಮೈನಡುಕ, ಸೆಳವು, ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನು ವೈದ್ಯರ ಬಳಿಗೆ ಹೋಗಲೇಬೇಕು. ಪ್ರಾರ್ಥನೆ ಸಾಕು, ವೈದ್ಯರು ಬೇಡ ಎನ್ನುವವರನ್ನು ನಾವು ಒಪ್ಪುವುದಿಲ್ಲ. ಅವನು ಒಂದು ದಿನ ಜಾರಿಬಿದ್ದನೆಂದರೆ ನಿರ್ಧಾರವೇ ಸುಳ್ಳಾಗಿತ್ತೆಂದು ನೆರೆಯವರು ನಗುತ್ತಾರೆ. ಆ ನಗೆ ಅವನನ್ನು ತಿರುವಿನ ಗೆಳೆಯರಿಗಿಂತ ಹೆಚ್ಚು ಕೆಡಿಸುತ್ತದೆ. ಮರುದಿನ ಅವನು ಎದ್ದು ಮತ್ತೆ ಅದೇ ಮಾತಿಗೆ ನಿಂತರೆ, ನಿರ್ಧಾರವಿನ್ನೂ ಬದುಕಿದೆಯೆಂದೇ ನಮ್ಮ ಎಣಿಕೆ.

ಧರ್ಮಸಭೆಯು ಮೊದಲ ದಿನದ ಉತ್ಸಾಹವನ್ನು ಎಂದೂ ಪೂರ್ತಿಯಾಗಿ ನಂಬಿಲ್ಲ. 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆರೆದು ನೋಡಿರಿ. ಸನ್ಯಾಸ ಸಭೆಗೆ ಸೇರಿದವರು ಕನಿಷ್ಠ ಹನ್ನೆರಡು ತಿಂಗಳು ನವಶಿಷ್ಯರಾಗಿರಬೇಕು. ಆಮೇಲೆ ಕೊಡುವ ಮಾತೂ ಶಾಶ್ವತವಲ್ಲ. ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ತಾತ್ಕಾಲಿಕ ವ್ರತಗಳಲ್ಲಿ ಬಾಳಿದ ನಂತರವೇ ಜೀವನಪರ್ಯಂತದ ವ್ರತ. ಉಪಯಾಜಕನಾದವನು ಗುರುವಾಗುವ ಮುನ್ನ ಆರು ತಿಂಗಳಾದರೂ ಕಾಯಬೇಕು. ಹುಡುಗನ ಮೇಲೆ ಅನುಮಾನವಿದ್ದು ಈ ನಿಯಮ ಮಾಡಿದುದಲ್ಲ. ನಿರ್ಧಾರಕ್ಕೆ ಬೇರುಬಿಡಲು ಕಾಲ ಬೇಕು. ಬೇರುಬಿಡಲಿಲ್ಲವಾದರೆ ಯಾರ ಮಾನಕ್ಕೂ ಕುಂದಿಲ್ಲದೆ ಹಿಂತಿರುಗಲು ಬಾಗಿಲೂ ಇರಬೇಕು. ಆದುದರಿಂದ ಗುರುಮಠದಿಂದ ಮರಳಿ ಬಂದ ಹುಡುಗನನ್ನು, ಕನ್ಯಾಮಠದಿಂದ ಬಂದ ಹುಡುಗಿಯನ್ನು ಓಡಿಬಂದವರೆಂದು ಆಡಿಕೊಳ್ಳುವ ರೂಢಿಯನ್ನು ಈ ಧರ್ಮಕೇಂದ್ರವು ತನ್ನ ನೂರನೆಯ ವರ್ಷದಲ್ಲಾದರೂ ಬಿಡಬೇಕೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಪರೀಕ್ಷೆಗೆಂದು ಇಟ್ಟಿರುವ ವರ್ಷಗಳಲ್ಲಿ ಪ್ರಾಮಾಣಿಕವಾಗಿ ಪರೀಕ್ಷಿಸಿ ಹಿಂತಿರುಗಿದವರು ಯಾವ ಮಾತನ್ನೂ ಮುರಿದಿಲ್ಲ. ಅಂಥವರಿಗೆ ಸಂಬಂಧ ಕೂಡಿಬರುವುದಿಲ್ಲವೆಂದು ಅಳುವ ತಾಯಂದಿರನ್ನು ನಾವು ಬಲ್ಲೆವು.

ಹಾಗಾದರೆ ಯಾವಾಗ ನಿರ್ಧಾರವನ್ನು ಬದಲಿಸಬಹುದು, ಯಾವಾಗ ಬದಲಿಸಬಾರದು? ಇದಕ್ಕೆ ಸಂತ ಇಗ್ನಾಸಿಯವರಿಗಿಂತ ಉತ್ತಮ ಗುರುಗಳು ನಮಗೆ ಕಾಣರು. ಮನಸ್ಸು ಕತ್ತಲಾಗಿ ಪ್ರಾರ್ಥನೆ ರುಚಿಸದೆ ಇರುವ ಹೊತ್ತಿನಲ್ಲಿ, ಹಿಂದೆ ಬೆಳಕಿನಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂಬುದು ಅವರು ಕೊಟ್ಟ ನಿಯಮ. ಇದು ಅನೇಕರಿಗೆ ಗೊತ್ತು. ಇದರ ಜೋಡಿ ನಿಯಮ ಅಷ್ಟು ಪ್ರಸಿದ್ಧವಲ್ಲ: ಉತ್ಸಾಹ ಉಕ್ಕುತ್ತಿರುವಾಗ ಆತುರದಿಂದ ವ್ರತ ತೊಡಬಾರದೆಂದೂ, ಹಾಗೆ ಹೊರಟವನನ್ನು ಗುರುವು ತಡೆದು ಎಚ್ಚರಿಸಬೇಕೆಂದೂ ಅವರೇ ಬರೆದಿದ್ದಾರೆ. ಅವರ ಸ್ವಂತ ಜೀವನದಲ್ಲಿಯೂ ಒಂದು ಉದಾಹರಣೆಯುಂಟು. 1534ರ ಆಗಸ್ಟ್ 15ರಂದು ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಅವರೂ ಸಂಗಡಿಗರೂ ಜೆರುಸಲೇಮಿಗೆ ಹೋಗುವ ವ್ರತ ತೊಟ್ಟರು. ಹೋಗಲು ಆಗದಿದ್ದರೆ ಜಗದ್ಗುರುಗಳ ಬಳಿಗೆ ಹೋಗಿ ಅವರು ಹೇಳಿದ ಕೆಲಸ ಮಾಡುವುದೆಂದು ಅದರಲ್ಲಿಯೇ ಸೇರಿಸಿದ್ದರು. ತುರ್ಕರೊಡನೆ ಯುದ್ಧದ ಕಾರಣ ವೆನಿಸಿನಲ್ಲಿ ಅವರಿಗೆ ಹಡಗು ಸಿಗಲೇ ಇಲ್ಲ. ಕಾದರು, ಕಡೆಗೆ ರೋಮಿಗೆ ಹೋದರು. 1540ರಲ್ಲಿ ಯೇಸುಸಭೆಗೆ ಮಾನ್ಯತೆ ದೊರೆಯಿತು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಹೇಳಿದ ಸಾಮತಿ ನಿಮಗೆ ಗೊತ್ತಿದೆಯಷ್ಟೆ. ಹಡಗು ಸಿಗದೆಹೋದರೆ ಏನೆಂಬುದೂ ಆ ಲೆಕ್ಕದಲ್ಲಿ ಸೇರಿರಬೇಕು.

ಮತ್ತೆ ಫಾದರ್ ವಾಜರ ಕಡೆಗೆ ಬರೋಣ. 1686ರಲ್ಲಿ ಓರೇಟರಿಯ ಹಿರಿತನವನ್ನು ಬಿಟ್ಟುಕೊಟ್ಟು ಜಾನ್ ಎಂಬ ಒಬ್ಬ ಸೇವಕನೊಡನೆ ಅವರು ಹೊರಟರು. ಗುರುವೇಷದಲ್ಲಿ ಹೋದರೆ ಡಚ್ಚರು ದ್ವೀಪಕ್ಕೆ ಕಾಲಿಡಗೊಡುವುದಿಲ್ಲ. ಆದುದರಿಂದ ಕೂಲಿಯಾಳಿನ ವೇಷ ಧರಿಸಿದರು. 1687ರ ಪಾಸ್ಖ ಹಬ್ಬದ ಕಾಲದಲ್ಲಿ ತೂತುಕುಡಿಯಿಂದ ಹಡಗು ಹತ್ತಿದರು. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ, ಹಸಿವಿನಿಂದ ಬಳಲಿ, ಯಾಳ್ಪಾಣ ಸೇರುವಷ್ಟರಲ್ಲಿ ರಕ್ತಭೇದಿಯಿಂದ ಸಾಯುವ ಸ್ಥಿತಿಗೆ ಬಂದಿದ್ದರು. ಆರು ವರ್ಷ ಕಾದು ಬಂದ ಊರಿನಲ್ಲಿ ಅವರು ಮಾಡಿದ ಮೊದಲ ಕೆಲಸ ಹಾಸಿಗೆ ಹಿಡಿದದ್ದು.

ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಕೇಳಿದರೆ ಯಾರೂ ಒಪ್ಪಿಕೊಳ್ಳರು, ಕೇಳಿದವನು ಗೂಢಚಾರನಿರಬಹುದು. ಅವರು ಕೊರಳಲ್ಲಿ ಜಪಸರ ಧರಿಸಿ ಭಿಕ್ಷುಕನಂತೆ ಮನೆಮನೆಗೆ ಹೋದರು. ಜಪಸರವನ್ನು ಕಂಡು ಯಾರ ಕಣ್ಣು ಅಲ್ಲಿಯೇ ನಿಲ್ಲುವುದೋ ಅವರು ತಮ್ಮವರು. ಹೀಗೆ ಒಂದು ಮನೆಯಿಂದ ಇನ್ನೊಂದು ಮನೆ. ರಾತ್ರಿಯ ಹೊತ್ತು ಬಲಿಪೂಜೆ, ಪಾಪನಿವೇದನೆ. ಹಗಲು ಮರೆಯಲ್ಲಿ ವಾಸ. ಯಾಳ್ಪಾಣದ ಬಳಿಯ ಸಿಲ್ಲಾಲೈ ಎಂಬ ಹಳ್ಳಿಯ ಜನ ಅವರನ್ನು ಬಹುಕಾಲ ಕಾಪಾಡಿದರು.

ಈ ಭಾಗದಲ್ಲಿ ನಮ್ಮ ಮನಸ್ಸನ್ನು ಬಹಳ ಕಾಡುವ ಸಂಗತಿಯೊಂದಿದೆ. ಪ್ರಸಂಗಗಳಲ್ಲಿ ಇದನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಒಂದು ಕ್ರಿಸ್ಮಸ್ ರಾತ್ರಿ ಬಲಿಪೂಜೆಗೆಂದು ಕೂಡಿದ್ದ ಕಥೋಲಿಕರ ಮೇಲೆ ಡಚ್ ಸೈನಿಕರು ಎರಗಿದರು. ಫಾದರ್ ವಾಜರು ಸಿಕ್ಕಿಬೀಳಲಿಲ್ಲ, ಜನ ಸಿಕ್ಕಿಬಿದ್ದರು. ಕೆಲವರು ಕೊರಡೆಯ ಏಟು ತಿಂದು ಸೆರೆಮನೆ ಸೇರಿದರು, ಅಲ್ಲಿಯೇ ಪ್ರಾಣಬಿಟ್ಟವರೂ ಉಂಟು. ನಿರ್ಧಾರ ಮಾಡಿದವರು ಒಬ್ಬರು, ಬೆಲೆ ತೆತ್ತವರು ಹಲವರು. ನಮ್ಮ ಜೀವನದಲ್ಲಿಯೂ ಹೀಗೆಯೇ ಅಲ್ಲವೇ? ಮಗ ಗುರುವಾಗುತ್ತೇನೆಂದಾಗ ವೃದ್ಧಾಪ್ಯದಲ್ಲಿ ಒಂಟಿಯಾಗುವವರು ತಂದೆತಾಯಿಗಳು. ಗಂಡ ಕೆಲಸ ಬಿಟ್ಟು ತಾಯಿಯನ್ನು ನೋಡಿಕೊಳ್ಳುತ್ತೇನೆಂದಾಗ ಮನೆಯ ಖರ್ಚಿನಲ್ಲಿ ಕೈ ಬಿಗಿಹಿಡಿಯುವವಳು ಹೆಂಡತಿ, ರಾತ್ರಿ ಎದ್ದು ಅತ್ತೆಯ ಹಾಸಿಗೆ ಬದಲಿಸುವವಳೂ ಆಕೆಯೇ. ಊರಿನವರು ಮಗನನ್ನು ಹೊಗಳುತ್ತಾರೆ. ದೊಡ್ಡ ನಿರ್ಧಾರ ಮಾಡುವವರು ಅದರ ಭಾರ ಯಾರ ಹೆಗಲ ಮೇಲೆ ಬೀಳುವುದೆಂದು ಮುಂಚೆಯೇ ನೋಡಬೇಕು, ಅವರನ್ನು ಕೂರಿಸಿಕೊಂಡು ಕೇಳಬೇಕು. ಯಾಳ್ಪಾಣದ ಆ ಜನರ ಮಟ್ಟಿಗೆ ಒಂದು ಮಾತನ್ನು ಹೇಳಬಹುದು: ಅಪಾಯವನ್ನು ಅವರು ಬಲ್ಲವರಾಗಿದ್ದರು, ಗುರು ಬೇಕೆಂದು ಮೂವತ್ತು ವರ್ಷ ಹಂಬಲಿಸಿದ್ದವರೂ ಅವರೇ.

1692ರಲ್ಲಿ ಫಾದರ್ ವಾಜರು ಸ್ವತಂತ್ರ ರಾಜ್ಯವಾಗಿದ್ದ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂದು ದೂರು ಹೋಗಿ, ಇಬ್ಬರು ಕಥೋಲಿಕರೊಡನೆ ಸೆರೆಗೆ ಬಿದ್ದರು. ಮತ್ತೊಮ್ಮೆ ತಡೆ. ಕೆನರಾದಲ್ಲಿ ಅವರನ್ನು ನೋಡಿದ ನಿಮಗೆ ಈಗ ಅವರು ಏನು ಮಾಡಿದರೆಂದು ಹೇಳಬೇಕಾಗಿಲ್ಲ. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆಯನ್ನು ಕಲಿತರು. ಕಾವಲುಗಾರರು ಸ್ವಲ್ಪ ಸಡಿಲ ಬಿಟ್ಟೊಡನೆ ಒಂದು ಗುಡಿಸಲನ್ನೇ ದೇವಾಲಯವನ್ನಾಗಿ ಮಾಡಿದರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದ ಕಥೆಯನ್ನು ನೀವು ಕೇಳಿದ್ದೀರಿ. ಅರಸ ಎರಡನೆಯ ವಿಮಲಧರ್ಮಸೂರ್ಯನ ಮನಸ್ಸು ಅವರ ಕಡೆಗೆ ತಿರುಗಿತು, ರಾಜ್ಯದಲ್ಲೆಲ್ಲ ಸಂಚರಿಸುವ ಅಪ್ಪಣೆ ದೊರಕಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟು ಓಡಿದರು. ಆಗತಾನೆ ಗೋವೆಯ ಓರೇಟರಿಯಿಂದ ಹೊಸ ಗುರುಗಳು ಬಂದಿದ್ದರು; ಅವರಲ್ಲಿ ಒಬ್ಬರು ಫಾದರ್ ವಾಜರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ. ಇವರಿಬ್ಬರೂ ಮತಭೇದವೆಣಿಸದೆ ರೋಗಿಗಳ ಹುಣ್ಣು ತೊಳೆದು, ಉಣಿಸಿ, ಸತ್ತವರನ್ನು ಮಣ್ಣುಮಾಡಿದರು. ಸಿಂಹಳಕ್ಕೆ ಹೊರಟಾಗ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದುದು ಗುರುವಿಲ್ಲದ ಕಥೋಲಿಕರನ್ನು. ಸಿಡುಬಿನ ರೋಗಿಗಳು ಬಹುಪಾಲು ಬೌದ್ಧರು. ದೊಡ್ಡ ನಿರ್ಧಾರವೊಂದನ್ನು ಹಲವು ವರ್ಷ ನಡೆಸಿದಾಗ ಅದು ಮೊದಲು ಊಹಿಸದ ಕಡೆಗೆ ಹಿಗ್ಗುತ್ತದೆ. ಮದುವೆಯಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾತುಕೊಟ್ಟದ್ದು ಒಬ್ಬಳಿಗೆ, ನಂತರ ಆಕೆಯ ತಂದೆತಾಯಿಗಳು, ತಂಗಿಯ ಮದುವೆ, ತಮ್ಮನ ಸಾಲ ಎಲ್ಲವೂ ಒಂದೊಂದಾಗಿ ಆ ಮಾತಿನೊಳಗೆ ಬಂದು ಸೇರುತ್ತವೆ.

ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ. ಕಷ್ಟ ಬಂದಾಗ ನಿರ್ಧಾರವನ್ನು ಬಿಡುವವರಿಗಿಂತ ಗೌರವ ಬಂದಾಗ ಬಿಡುವವರು ಹೆಚ್ಚೆಂದು ನಮ್ಮ ಅನುಭವ ಹೇಳುತ್ತದೆ. ಕಷ್ಟಕ್ಕೆ ಬಿಟ್ಟವನಿಗೆ ನಾಚಿಕೆಯಾದರೂ ಇರುತ್ತದೆ; ಗೌರವಕ್ಕೆ ಬಿಟ್ಟವನಿಗೆ ಹಾರ ಹಾಕುತ್ತಾರೆ. 1705ರಲ್ಲಿ ಇನ್ನಷ್ಟು ಗುರುಗಳು ಬಂದರು. ಫಾದರ್ ವಾಜರು ಕಾರ್ಯಕ್ಷೇತ್ರವನ್ನು ಎಂಟು ವಿಭಾಗಗಳಾಗಿ ಹಂಚಿ ಒಬ್ಬೊಬ್ಬ ಗುರುವಿಗೆ ಒಪ್ಪಿಸಿದರು. ಹಾಗೆ ಬಂದವರಲ್ಲಿ ಒಬ್ಬರಾದ ಫಾದರ್ ಜಾಕೋಮೆ ಗೊನ್ಸಾಲ್ವೆಸ್ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ನಿರ್ಮಿಸಿದರು. 1711ರ ಜನವರಿ 16ರಂದು ಫಾದರ್ ವಾಜರು ಕ್ಯಾಂಡಿಯಲ್ಲಿ ನಿಧನರಾದರು. ಅವರಿಗೆ ಆಗ ಐವತ್ತೊಂಬತ್ತು ವರ್ಷ. ಸಿಂಹಳಕ್ಕೆ ಹೋದ ಮೇಲೆ ಒಮ್ಮೆಯೂ ಗೋವೆಗೆ ಮರಳಲಿಲ್ಲ.

ಕೊನೆಯಲ್ಲಿ ನಾಳೆಯ ಕಾರ್ಯಕ್ರಮದ ಸೂಚನೆ. ಬೆಳಗಿನ ಬಲಿಪೂಜೆಯಲ್ಲಿ ಪ್ರಸಂಗದ ನಂತರ ಧರ್ಮಕೇಂದ್ರದ ದಂಪತಿಗಳೆಲ್ಲರೂ ತಮ್ಮ ವಿವಾಹದ ಮಾತನ್ನು ನವೀಕರಿಸುವರು. ಮದುವೆಯಾಗಿ ಐವತ್ತು ವರ್ಷ ಸಂದವರು ಪೀಠದ ಬಲಗಡೆಗೆ ಬಂದು ನಿಲ್ಲಬೇಕು. ನಿಲ್ಲಲಾಗದವರಿಗೆ ಕುರ್ಚಿಗಳನ್ನು ಹಾಕಿಸಲಾಗಿದೆ. ಗಂಡ ಅಥವಾ ಹೆಂಡತಿ ಪರದೇಶದಲ್ಲಿರುವವರು ಒಬ್ಬರೇ ಬಂದರೂ ಸರಿಯೆ. 'ನಾವು ಬರಬಹುದೇ ಫಾದರ್?' ಎಂದು ವಿಧವೆಯರೂ ವಿಧುರರೂ ಕಳೆದ ವಾರ ನಮ್ಮನ್ನು ಕೇಳಿದರು. ಅವರು ಹಿಂದಿನ ಬಾಗಿಲ ಬಳಿ ನಿಲ್ಲುವುದು ಬೇಡ. ಅವರಿಗಾಗಿ ಮೊದಲ ಎರಡು ಸಾಲುಗಳನ್ನು ಬಿಟ್ಟಿಡಲು ಸಂಘದ ಯುವಕರಿಗೆ ಹೇಳಿದ್ದೇವೆ.